ಜಾಹೀರಾತಿನ ನಾಲ್ಕನೇ ಚೌಕ

ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಯ ಮಕ್ಕಳಿಂದ ರಾಗಿ ಅಂಬಲಿಯ ಜಾಹೀರಾತಿಗೆ ಸ್ಟೋರಿಬೋರ್ಡ್ ಬರೆಸಿದೆ. ಆರು ಚೌಕ, ಪ್ರತಿಯೊಂದರಲ್ಲೂ ಚಿತ್ರ, ಮಾತು, ಸೆಕೆಂಡು. ‘ವಿಜ್ಞಾನದ ಅವಧಿಯಲ್ಲಿ ಜಾಹೀರಾತೇಕೆ?’ ಎಂದರು ಮೇಲ್ವಿಚಾರಕರು. ಉತ್ತರ ನನ್ನ ಪಾಠಯೋಜನೆಯಲ್ಲಿರಲಿಲ್ಲ. ಒಂದು ಗುಂಪಿನ ನಾಲ್ಕನೇ ಚೌಕದಲ್ಲಿತ್ತು: ‘ಒಂದು ಲೋಟ ಕುಡಿ, ದಿನದ ಕ್ಯಾಲ್ಸಿಯಂ ಪಡಿ.’

ಲೆಕ್ಕ ಹಾಕಿದೆವು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಲೋಟಕ್ಕೆ 20 ಗ್ರಾಂ ಹಿಟ್ಟೆಂದರೆ ಸಿಗುವುದು 70. ಈ ವಯಸ್ಸಿಗೆ ದಿನಕ್ಕೆ ಬೇಕಾದದ್ದು 1000ದ ಆಸುಪಾಸು. ಮಕ್ಕಳೇ ಆ ಸಾಲು ಅಳಿಸಿದರು. ವಿಡಿಯೊ ತೆಗೆದಾಗಿದ್ದರೆ ಯಾರೂ ಅಳಿಸುತ್ತಿರಲಿಲ್ಲ.

ನಾನು ಮಾತ್ರ ಅಂಕಗಳನ್ನೆಲ್ಲ ಚಿತ್ರದ ಅಂದಕ್ಕೆ ಮೀಸಲಿಟ್ಟಿದ್ದೆ. ಅದು ತಪ್ಪು. ಸ್ಟೋರಿಬೋರ್ಡಿನ ಪ್ರತಿ ಚೌಕದ ಕೆಳಗೆ ‘ಆಧಾರವೇನು?’ ಎಂಬ ಸಾಲೊಂದಿರಲಿ. ಮೊದಲ ಅಂಕ ಅದಕ್ಕೇ ಸಲ್ಲಲಿ.