ಹಗ್ಗ ಯಾವುದು, ಹಾವು ಯಾವುದು?



ಈ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಎರಡು ತಪ್ಪು ನಡೆದವು. ಒಂದು ತಪ್ಪು ಮಾಡಿದವಳು ನನ್ನ ಮೊಮ್ಮಗಳು. ಇನ್ನೊಂದು ಮಾಡಿದವನು ನಾನು. ಅವಳ ತಪ್ಪಿಗೆ ಎಲ್ಲರೂ ನಕ್ಕೆವು. ನನ್ನ ತಪ್ಪಿಗೆ ಯಾರೂ ನಗಲಿಲ್ಲ.

ಒಂದು ಸಂಜೆ ಕರೆಂಟು ಹೋಗಿತ್ತು. ಕೈಕಾಲು ತೊಳೆಯಲು ಬಚ್ಚಲುಮನೆಗೆ ಹೋದ ಪುಟ್ಟಿ "ಅಜ್ಜಾ, ಹಾವು!" ಎಂದು ಕಿರುಚಿದಳು. ನಾನು ಕೋಲು ಹಿಡಿದು ಓಡಿದೆ. ಪಕ್ಕದ ಮನೆಯವರು ದೊಣ್ಣೆ ತಂದರು. ಗಾಬರಿಯಲ್ಲಿ ಅಜ್ಜಿಯ ಕೈಯಿಂದ ಹಾಲಿನ ಪಾತ್ರೆ ಜಾರಿತು. ಟಾರ್ಚ್ ಬಿಟ್ಟು ನೋಡಿದರೆ, ಮೂಲೆಯಲ್ಲಿ ಸುತ್ತಿಕೊಂಡು ಬಿದ್ದಿದ್ದದ್ದು ದನ ಕಟ್ಟುವ ಹಳೆಯ ಹಗ್ಗ. ಆಮೇಲೆ ಒಂದು ವಾರ ಅವಳಿಗೆ "ಹಗ್ಗದ ಹಾವಿನ ಪುಟ್ಟಿ" ಎಂದೇ ಹೆಸರಾಯಿತು.

ಹತ್ತು ದಿನ ಕಳೆದಿರಬಹುದು. ನಾನು ಜಗಲಿಯಲ್ಲಿ ಪೇಪರ್ ಓದುತ್ತಿದ್ದೆ. ಹಿತ್ತಿಲ ಕಡೆಯಿಂದ ಮತ್ತೆ ಅದೇ ದನಿ: "ಅಜ್ಜಾ, ಹಾವು!" ನಾನು ಕುರ್ಚಿಯಿಂದ ಏಳಲೇ ಇಲ್ಲ. "ಹಗ್ಗ ಇರ್ಬೇಕು ಬಿಡೇ" ಎಂದೆ. ಸ್ವಲ್ಪ ಹೊತ್ತಿಗೆ ಅಜ್ಜಿ ಸೌದೆ ತರಲು ಅದೇ ಕಡೆ ಹೋದಳು. ಸೌದೆ ರಾಶಿಯ ಮೇಲೆ ಮಾರುದ್ದದ ಹಾವು ಮಲಗಿತ್ತು. ಅದೃಷ್ಟಕ್ಕೆ ಅದು ವಿಷವಿಲ್ಲದ ಕೇರೆ ಹಾವು. ಅಜ್ಜಿಯ ಹೆಜ್ಜೆಗೆ ಹೆದರಿ ಸರಸರನೆ ಹರಿದುಹೋಯಿತು. ನಾಗರವೋ ಕೊಳಕುಮಂಡಲವೋ ಆಗಿದ್ದರೆ? ಆ ಯೋಚನೆಗೆ ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪುಟ್ಟಿಯೂ ಎದ್ದೇ ಇದ್ದಳು. "ಅಜ್ಜಾ, ದೊಡ್ಡ ದೊಡ್ಡೋರಿಗೂ ಹೀಗೆ ತಪ್ಪಾಗ್ತದಾ?" ಎಂದು ಕೇಳಿದಳು. ಆಗುತ್ತದೆ ಮಗಳೇ, ಉಪಗ್ರಹಗಳಿಗೂ ಆಗುತ್ತದೆ ಎಂದೆ. ಅವಳಿಗೆ ಹೇಳಿದ ಕಥೆಯನ್ನೇ ಈ ವಾರ ನಿಮಗೂ ಹೇಳುತ್ತೇನೆ.

ಮೊದಲು ಬಚ್ಚಲುಮನೆಗೇ ಹೋಗೋಣ. ನೀರು ಕಾದ ಹಂಡೆಯ ಹತ್ತಿರ, ಮುಟ್ಟದೆ, ಅಂಗೈ ಹಿಡಿಯಿರಿ. ಕತ್ತಲಲ್ಲೂ ಅಂಗೈಗೆ ಬಿಸಿ ತಾಗುತ್ತದೆ. ಹಂಡೆಯಿಂದ ಹೊರಟು ಕೈಗೆ ಬಂದು ತಾಗಿದ್ದು ಒಂದು ಬಗೆಯ ಬೆಳಕೇ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ, ಅಷ್ಟೇ. ಅದರ ಹೆಸರು ಅವಗೆಂಪು ಕಿರಣ. ಇಂಗ್ಲಿಷಿನಲ್ಲಿ ಇನ್‌ಫ್ರಾರೆಡ್ ಎನ್ನುತ್ತಾರೆ. ಇದನ್ನು 1800ರಲ್ಲಿ ಕಂಡುಹಿಡಿದವರು ವಿಲಿಯಂ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ. ಅವರು ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ ಕಾಮನಬಿಲ್ಲಿನ ಬಣ್ಣಗಳಾಗಿ ಬಿಡಿಸಿದರು. ಯಾವ ಬಣ್ಣ ಎಷ್ಟು ಬಿಸಿ ಎಂದು ಥರ್ಮಾಮೀಟರ್ ಇಟ್ಟು ಅಳೆದರು. ಕೆಂಪು ಮುಗಿದು ಏನೂ ಕಾಣದ ಜಾಗದಲ್ಲಿ ಇಟ್ಟ ಥರ್ಮಾಮೀಟರ್ ಎಲ್ಲಕ್ಕಿಂತ ಮೇಲೇರಿತು! ಕಾಣದ ಬೆಳಕು ಸಿಕ್ಕಿಬಿದ್ದದ್ದು ಹಾಗೆ.

ಬಿಸಿ ಇರುವ ಎಲ್ಲವೂ ಈ ಕಿರಣವನ್ನು ಬಿಡುತ್ತವೆ. ನಾನು, ನೀವು, ಹಸು, ಒಲೆ, ಬಿಸಿಲಿಗೆ ಕಾದ ಬಂಡೆ ಎಲ್ಲವೂ. ರಾಕೆಟ್ಟಿನ ಬಾಲದಲ್ಲಿ ಉರಿಯುವ ಬೆಂಕಿಯಂತೂ ಇದರಲ್ಲಿ ಧಗಧಗಿಸುತ್ತದೆ. ಆದ್ದರಿಂದಲೇ ಶತ್ರುದೇಶ ಕ್ಷಿಪಣಿ ಹಾರಿಸಿದರೆ ತಕ್ಷಣ ತಿಳಿಯಲಿ ಎಂದು ಅಮೆರಿಕ 1970ರಿಂದ ಅವಗೆಂಪು ಕಣ್ಣಿನ ಉಪಗ್ರಹಗಳನ್ನು ಆಕಾಶದಲ್ಲಿ ಕಾವಲಿಗೆ ಇಟ್ಟಿತು. ಸೋವಿಯತ್ ಒಕ್ಕೂಟವೂ ತನ್ನ ಕಾವಲು ಉಪಗ್ರಹಗಳನ್ನು ಹಾರಿಸಿತು.

ಇಲ್ಲೊಂದು ಜಾಣತನ ಇದೆ. ರಾಕೆಟ್ಟಿನ ಬೆಂಕಿಯಲ್ಲಿ ಕಾದ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಇರುತ್ತವೆ. ಇವು ಅವಗೆಂಪಿನ ಕೆಲವೇ 'ಬಣ್ಣ'ಗಳಲ್ಲಿ ಬಲವಾಗಿ ಹೊಳೆಯುತ್ತವೆ. ನಮ್ಮ ಗಾಳಿಯಲ್ಲೂ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಇವೆಯಲ್ಲ, ಅವು ಅದೇ ಬಣ್ಣಗಳನ್ನು ನುಂಗಿಬಿಡುತ್ತವೆ. ಅಂದರೆ ಆ ಬಣ್ಣದಲ್ಲಿ ಮೇಲಿನಿಂದ ನೋಡಿದರೆ ನೆಲದ ಒಲೆ, ಬಂಡೆ, ಕಾರ್ಖಾನೆ ಎಲ್ಲಕ್ಕೂ ಗಾಳಿಯೇ ಪರದೆ ಎಳೆದಿರುತ್ತದೆ. ಪರದೆಯನ್ನು ದಾಟಿ ಮೇಲೇರುವ ರಾಕೆಟ್ಟು ಮಾತ್ರ ಹೊಳೆಯುತ್ತದೆ.

"ಹಾಗಾದ್ರೆ ಸುಲಭ!" ಎಂದಳು ಪುಟ್ಟಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಸೂರ್ಯ ಇದ್ದಾನಲ್ಲ! ಬಿಸಿಲಿನಲ್ಲೂ ಅವಗೆಂಪು ಕಿರಣ ತುಂಬಿದೆ. ಬಹಳ ಎತ್ತರದಲ್ಲಿ ತೇಲುವ ಮೋಡಗಳ ಮೇಲೆ ನೀರಾವಿಯ ಪರದೆ ತೀರಾ ತೆಳು. ಆ ಮೋಡಗಳಿಗೆ ಬಿಸಿಲು ಓರೆಯಾಗಿ ತಾಗಿ ನೇರ ಉಪಗ್ರಹದ ಕಣ್ಣಿಗೆ ಚಿಮ್ಮಿದರೆ, ರಾಕೆಟ್ಟಿನ ಬೆಂಕಿಯ ಹಾಗೇ ಕಾಣುತ್ತದೆ. ಹಗ್ಗವೇ ಹಾವಾಗುತ್ತದೆ.

ಅದು ನಿಜವಾಗಿಯೂ ನಡೆಯಿತು. 1983ರ ಸೆಪ್ಟೆಂಬರ್ 26, ಮಧ್ಯರಾತ್ರಿ ಕಳೆದಿತ್ತು. ಮಾಸ್ಕೋಗೆ ದೂರವಲ್ಲದ ಒಂದು ನೆಲಮಾಳಿಗೆಯಲ್ಲಿ ಸ್ಟಾನಿಸ್ಲಾವ್ ಪೆಟ್ರೋವ್ ಎಂಬ ಸೇನಾಧಿಕಾರಿ ಕಾವಲು ಕೆಲಸದಲ್ಲಿದ್ದರು. ಇದ್ದಕ್ಕಿದ್ದಂತೆ ಸೈರನ್ ಕೂಗಿತು. ಅಮೆರಿಕ ಒಂದು ಕ್ಷಿಪಣಿ ಹಾರಿಸಿದೆ ಎಂದಿತು ಯಂತ್ರ. ಸ್ವಲ್ಪ ಹೊತ್ತಿನಲ್ಲೇ ಎರಡು, ಮೂರು, ನಾಲ್ಕು, ಐದು! ಪೆಟ್ರೋವ್ "ಹೌದು, ದಾಳಿ" ಎಂದು ಮೇಲಧಿಕಾರಿಗಳಿಗೆ ಹೇಳಿದ್ದರೆ, ಅವರ ಕಡೆಯಿಂದಲೂ ಅಣುಬಾಂಬು ಹೊತ್ತ ಕ್ಷಿಪಣಿಗಳು ಹಾರಬಹುದಿತ್ತು.

ಅವರು ಯೋಚಿಸಿದರು. ಯುದ್ಧ ಶುರುಮಾಡುವವರು ಬರೀ ಐದು ಕ್ಷಿಪಣಿ ಬಿಡುತ್ತಾರೆಯೇ? ನೆಲದ ಮೇಲಿನ ರಾಡಾರಿಗೆ ಏನೂ ಕಾಣುತ್ತಿಲ್ಲವಲ್ಲ? "ಇದು ಸುಳ್ಳು ಎಚ್ಚರಿಕೆ" ಎಂದು ವರದಿ ಮಾಡಿದರು. ಆಮೇಲೆ ಜೀವ ಕೈಯಲ್ಲಿ ಹಿಡಿದು ಕಾದರು. ಯಾವ ಕ್ಷಿಪಣಿಯೂ ಬೀಳಲಿಲ್ಲ. ಎತ್ತರದ ಮೋಡಗಳ ಮೇಲೆ ಹೊಳೆದ ಬಿಸಿಲೇ ಉಪಗ್ರಹವನ್ನು ಏಮಾರಿಸಿತ್ತು ಎಂದು ತನಿಖೆಯಲ್ಲಿ ತಿಳಿಯಿತು. ತಮಾಷೆ ಎಂದರೆ, ಆ ಗಡಿಬಿಡಿಯಲ್ಲಿ ದಿನಚರಿ ಪುಸ್ತಕ ಬರೆಯಲಿಲ್ಲವೆಂದು ಅವರಿಗೆ ಬೈಗುಳವೂ ಬಿತ್ತು!

ಇದು ಹಗ್ಗವನ್ನು ಹಾವೆಂದ ತಪ್ಪು. ಇದಕ್ಕೆ ಎದುರಾದ ಇನ್ನೊಂದು ಭಯವೂ ಇದೆ: ನಿಜವಾದ ಹಾವು ತಪ್ಪಿಸಿಕೊಂಡರೆ?

1991ರ ಕೊಲ್ಲಿ ಯುದ್ಧದಲ್ಲಿ ಇರಾಕ್ ದೇಶ ಸ್ಕಡ್ ಎಂಬ ಕ್ಷಿಪಣಿಗಳನ್ನು ಹಾರಿಸಿತು. ಫೆಬ್ರವರಿ 25ರಂದು ಒಂದು ಸ್ಕಡ್ ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಸೈನಿಕರ ವಸತಿಯ ಮೇಲೆ ಬಿದ್ದು 28 ಅಮೆರಿಕನ್ ಸೈನಿಕರು ಸತ್ತರು. ಅಂದು ತಪ್ಪಿದ್ದು ಉಪಗ್ರಹವಲ್ಲ, ನೆಲದ ಮೇಲಿನ ತಡೆಯಂತ್ರದ ಕಂಪ್ಯೂಟರ್. ನೂರು ಗಂಟೆಗೂ ಹೆಚ್ಚು ಹೊತ್ತು ನಿಲ್ಲದೆ ಓಡಿದ್ದರಿಂದ ಅದರ ಗಡಿಯಾರದ ಲೆಕ್ಕ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಪ್ಪಿತ್ತು. ಅಷ್ಟೇ ಸಾಕಾಯಿತು. ಆದರೆ ಇಂಥ ಸಣ್ಣ ಕ್ಷಿಪಣಿಗಳು ಉಪಗ್ರಹಕ್ಕೂ ಸವಾಲೇ. ಅವುಗಳ ಬೆಂಕಿ ಚಿಕ್ಕದು, ಉರಿಯುವ ಹೊತ್ತೂ ಕಡಿಮೆ. ಅಮೆರಿಕದ ದೊಡ್ಡ ಕಾವಲು ಉಪಗ್ರಹ ನಿಮಿಷಕ್ಕೆ ಆರು ಸುತ್ತು ತಿರುಗುತ್ತ ನೋಡುತ್ತಿತ್ತು. ಅಂದರೆ ಒಂದೊಂದು ಜಾಗವನ್ನು ಹತ್ತು ಸೆಕೆಂಡಿಗೊಮ್ಮೆ ಮಾತ್ರ. ಕೇರಿ ಸುತ್ತುವ ಗೂರ್ಖಾನ ಹಾಗೆ. ಅವನು ಆ ಬದಿಗೆ ಹೋದಾಗ ಈ ಬದಿ ಖಾಲಿ.

ಕಣ್ಣು ಮಿಟುಕಿಸದೆ ಒಂದೇ ಕಡೆ ನೋಡುವ, ಆದರೆ ಮೋಡಕ್ಕೂ ಬೆಂಕಿಗೂ ವ್ಯತ್ಯಾಸ ಗೊತ್ತಿರುವ ಕಣ್ಣು ಬೇಕಿತ್ತು. ಅಂಥದ್ದನ್ನು ದೊಡ್ಡ ಉಪಗ್ರಹದಲ್ಲಿ ಕೂರಿಸುವ ಮೊದಲು ಚಿಕ್ಕದರಲ್ಲಿ ಪರೀಕ್ಷಿಸಬೇಡವೇ? ಹೊಸ ಅಡುಗೆಯನ್ನು ಮದುವೆಮನೆಯಲ್ಲೇ ಮೊದಲ ಸಲ ಮಾಡುತ್ತಾರೆಯೇ? ಮನೆಯಲ್ಲಿ ಒಂದು ಸೇರಿನಷ್ಟು ಮಾಡಿ ರುಚಿ ನೋಡುತ್ತಾರೆ. ಅಮೆರಿಕದ ಕ್ಷಿಪಣಿ ರಕ್ಷಣೆಯ ವಿಜ್ಞಾನಿಗಳು ಮಾಡಿದ್ದೂ ಅದನ್ನೇ. ಆ ಯೋಜನೆಯ ಹೆಸರು ಮಿನಿಯೇಚರ್ ಸೆನ್ಸರ್ ಟೆಕ್ನಾಲಜಿ ಇಂಟಿಗ್ರೇಷನ್, ಚಿಕ್ಕದಾಗಿ ಎಂ.ಎಸ್.ಟಿ.ಐ. ಪುಟ್ಟ ಸಂವೇದಕಗಳನ್ನು ಪುಟ್ಟ ಉಪಗ್ರಹದಲ್ಲಿ ಜೋಡಿಸಿ, ಹಾರಿಸಿ, ನೋಡುವುದು ಅದರ ಕೆಲಸ.

ಮೊದಲನೆಯದು ಹಾರಿದ್ದು 1992ರ ನವೆಂಬರಿನಲ್ಲಿ, ಕ್ಯಾಲಿಫೋರ್ನಿಯಾದಿಂದ. ಅದು ಸಿದ್ಧವಾಗಲು ಒಂದು ವರ್ಷದ ಆಸುಪಾಸು ಸಾಕಾಗಿತ್ತು. ದೊಡ್ಡ ಸೇನಾ ಉಪಗ್ರಹಗಳಿಗೆ ಎಷ್ಟೋ ವರ್ಷ ಬೇಕಾಗುತ್ತಿದ್ದ ಕಾಲ ಅದು! ಎರಡನೆಯದು 1994ರ ಮೇ ತಿಂಗಳಲ್ಲಿ ಹಾರಿತು. ಅದನ್ನು ಹೊತ್ತದ್ದು ಸ್ಕೌಟ್ ಎಂಬ ಪುಟ್ಟ ರಾಕೆಟ್. 1960ರಿಂದ ದುಡಿದಿದ್ದ ಸ್ಕೌಟ್‌ಗೆ ಅದೇ ಕೊನೆಯ ಹಾರಾಟ. ಆ ಉಪಗ್ರಹ ಕೆಲವೇ ತಿಂಗಳಲ್ಲಿ ಮಾತು ನಿಲ್ಲಿಸಿತು.

ಮೂರನೆಯದರ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. 1996ರ ಮೇ ತಿಂಗಳಲ್ಲಿ ಒಂದು ವಿಮಾನ ಹೊಟ್ಟೆಯ ಕೆಳಗೆ ಪೆಗಾಸಸ್ ಎಂಬ ರಾಕೆಟ್ಟನ್ನು ಕಟ್ಟಿಕೊಂಡು ಮೇಲೇರಿತು. ಸಮುದ್ರದ ಮೇಲೆ, ಮೋಡಗಳಿಗಿಂತ ಎತ್ತರದಲ್ಲಿ ಅದನ್ನು ಕೆಳಗೆ ಬಿಟ್ಟಿತು. ಬೀಳುತ್ತ ಬೀಳುತ್ತಲೇ ರಾಕೆಟ್ ಹೊತ್ತಿಕೊಂಡು ಆಕಾಶಕ್ಕೆ ಚಿಮ್ಮಿತು. ಅದರೊಳಗಿದ್ದ ಎಂ.ಎಸ್.ಟಿ.ಐ.-3 ಹೆಚ್ಚುಕಡಿಮೆ ಒಂದು ಬುಲೆಟ್ ಬೈಕಿನಷ್ಟು ಭಾರ, 200 ಕಿಲೊ ಚಿಲ್ಲರೆ. ದೊಡ್ಡ ಕಾವಲು ಉಪಗ್ರಹ ಎರಡು ಟನ್ನಿಗೂ ಮಿಕ್ಕಿತ್ತು.

ಅದರ ಅವಗೆಂಪು ಕಣ್ಣು 256 ಸಾಲು, ಸಾಲಿಗೆ 256 ಚುಕ್ಕಿಗಳ ಜಾಲರಿ. ಒಟ್ಟು 65,536 ಚುಕ್ಕಿ. ಅಪ್ಪನ ಮೊಬೈಲ್ ಕ್ಯಾಮೆರಾದಲ್ಲಿ ಕೋಟಿಗಟ್ಟಲೆ ಚುಕ್ಕಿಗಳಿವೆ! ಆದರೆ ಮೊಬೈಲಿಗೆ ಇಲ್ಲದ ಒಂದು ಕಷ್ಟ ಇದಕ್ಕಿದೆ. ಇದು ಬಿಸಿಯನ್ನು ನೋಡುವ ಕಣ್ಣು. ಕಣ್ಣೇ ಬಿಸಿಯಾಗಿದ್ದರೆ ತನ್ನ ಬಿಸಿಯೇ ತನಗೆ ಕಾಣುತ್ತದೆ, ಹೊರಗಿನದು ಕಾಣುವುದಿಲ್ಲ. ಆದ್ದರಿಂದ ಈ ಬಗೆಯ ಸಂವೇದಕವನ್ನು ಸೊನ್ನೆಗಿಂತ ಸುಮಾರು 190 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣ್ಣಗಿಡಬೇಕು. ಅದಕ್ಕೊಂದು ಪುಟ್ಟ ಫ್ರಿಜ್ಜನ್ನೂ ಉಪಗ್ರಹ ಹೊರಬೇಕು. ಜೊತೆಗೆ ಗಾಜಿನ ಮುಂದೆ ತಿರುಗುವ ಒಂದು ಚಕ್ರ. ಅದರಲ್ಲಿ ಬೇರೆ ಬೇರೆ ಅವಗೆಂಪು ಬಣ್ಣಗಳ ಸೋಸುಗಗಳು.

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ಅದು ಮುಖ್ಯವಾಗಿ ನೋಡಿದ್ದು ಏನನ್ನು ಗೊತ್ತೇ? ಮೋಡಗಳನ್ನು! ಸಮುದ್ರದ ಮೇಲಿನ ಬಿಸಿಲಿನ ಹೊಳಪನ್ನು, ಮರುಭೂಮಿಯನ್ನು, ಹಿಮವನ್ನು. ಬೆಳಿಗ್ಗೆ ಹೇಗೆ, ಮಧ್ಯಾಹ್ನ ಹೇಗೆ, ಈ ಬಣ್ಣದ ಸೋಸುಗದಲ್ಲಿ ಹೇಗೆ, ಆ ಬಣ್ಣದಲ್ಲಿ ಹೇಗೆ. ಅಂಥ ಹತ್ತು ಲಕ್ಷಕ್ಕೂ ಹೆಚ್ಚು ಚಿತ್ರ ತೆಗೆಯಿತು. ಕ್ಷಿಪಣಿ ಹುಡುಕುವ ಉಪಗ್ರಹ ಬನಾಯಿಸುವ ಮೊದಲು, ಕ್ಷಿಪಣಿ ಅಲ್ಲದ್ದೆಲ್ಲ ಹೇಗೆ ಕಾಣುತ್ತದೆ ಎಂಬ ಪಟ್ಟಿ ಬೇಕಿತ್ತು. ಆ ಪಟ್ಟಿ ಬರೆದು ಮುಗಿಸಿದ ಎಂ.ಎಸ್.ಟಿ.ಐ.-3, 1997ರ ಡಿಸೆಂಬರಿನಲ್ಲಿ ವಾತಾವರಣಕ್ಕೆ ಇಳಿದು ಉರಿದುಹೋಯಿತು.

ಸೇನೆಯ ಉಪಗ್ರಹದ ಕಥೆ ಮಕ್ಕಳಿಗೇಕೆ ಎಂದು ಕೆಲವು ತಾಯಂದಿರು ಕೇಳಬಹುದು. ಯುದ್ಧ ಗೆಲ್ಲುವ ಕಥೆಯಾಗಿದ್ದರೆ ನಾನೂ ಬರೆಯುತ್ತಿರಲಿಲ್ಲ. ಇದು ಸುಮ್ಮಸುಮ್ಮನೆ ಯುದ್ಧ ಶುರುವಾಗದಿರಲು ಬೇಕಾದ ಎಚ್ಚರದ ಕಥೆ. ಯಂತ್ರ ಹಾವು ಎಂದು ಕೂಗಿದಾಗ, ಅದು ಹಗ್ಗವೋ ಹಾವೋ ಎಂದು ತಿಳಿಯಲು ಪೆಟ್ರೋವ್ ಅವರ ಬಳಿ ಇದ್ದದ್ದು ಕೆಲವೇ ನಿಮಿಷ ಮತ್ತು ಅವರ ತಿಳಿವಳಿಕೆ. ಎಲ್ಲ ಸಲವೂ ಅಂಥವರೇ ಕುರ್ಚಿಯಲ್ಲಿ ಕೂತಿರುತ್ತಾರೆ ಎಂದು ಹೇಳಲಾಗದು.

ಕಥೆ ಕೇಳಿ ಪುಟ್ಟಿ ಮಲಗಿದಳು. ಮರುದಿನ ನೋಡಿದರೆ ಅವಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ "ಹಾವಲ್ಲದ್ದು" ಎಂಬ ತಲೆಬರಹ. ಕೆಳಗೆ ಪಟ್ಟಿ: ದನದ ಹಗ್ಗ, ನೀರಿನ ಪೈಪು, ತೆಂಗಿನ ಗರಿಯ ದಂಟು, ಕುಂಬಳದ ಬಳ್ಳಿ, ಒಣಗಿಹಾಕಿದ್ದು ಗಾಳಿಗೆ ಬಿದ್ದ ಅಜ್ಜಿಯ ಸೀರೆ. ಯಾವುದು ಯಾವ ಹೊತ್ತಿನಲ್ಲಿ ಎಲ್ಲಿ ಬಿದ್ದಿರುತ್ತದೆ ಎಂದೂ ಬರೆದಿದ್ದಳು. ಏನೇ ಇದು ಎಂದರೆ, "ಇದ್ಯಾವುದೂ ಅಲ್ಲ ಅಂತ ಗೊತ್ತಾದ್ರೆ ಆಮೇಲೆ ಕೂಗ್ತೀನಿ, ಆಗ ನೀನು ಏಳ್ಬೇಕು" ಎಂದಳು.

ಏಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ನೀವೂ ಮಾಡಿ ನೋಡಿ: ಟಿ.ವಿ. ರಿಮೋಟನ್ನು ಮೊಬೈಲಿನ ಮುಂದಿನ ಕ್ಯಾಮೆರಾಕ್ಕೆ, ಅಂದರೆ ಸೆಲ್ಫಿ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಏನೂ ಕಾಣದ ರಿಮೋಟಿನ ತುದಿ, ಎಷ್ಟೋ ಮೊಬೈಲುಗಳ ಪರದೆಯ ಮೇಲೆ ತಿಳಿ ನೇರಳೆಯಾಗಿ ಮಿನುಗುತ್ತದೆ. ಅದೂ ಅವಗೆಂಪು ಕಿರಣವೇ, ಕೆಂಪಿಗೆ ತೀರಾ ಹತ್ತಿರದ್ದು. ಹಂಡೆಯ ಬಿಸಿಯನ್ನು ಇದೇ ಕ್ಯಾಮೆರಾದಲ್ಲಿ ನೋಡಲು ಹೋದರೆ ಕಾಣುವುದಿಲ್ಲ. ಅದು ಕೆಂಪಿನಿಂದ ಇನ್ನೂ ಬಹಳ ದೂರದ ಕಿರಣ.

ಇನ್ನೊಂದು ಮಾತು. ಹಾವೆಂದು ಅನಿಸಿದರೆ ಹತ್ತಿರ ಹೋಗಿ ಪರೀಕ್ಷೆ ಮಾಡಬೇಡಿ, ದೂರ ನಿಂತು ದೊಡ್ಡವರನ್ನು ಕರೆಯಿರಿ. ದೊಡ್ಡವರೇ, ಹತ್ತು ಸಲ ಹಗ್ಗವಾಗಿದ್ದರೂ ಹನ್ನೊಂದನೇ ಸಲ ಕರೆದಾಗ ಪೇಪರ್ ಕೆಳಗಿಟ್ಟು ಎದ್ದು ಹೋಗಿ.