ಕಾಣದ ಡಾಕ್ಟರೂ ನಮ್ಮ ಅಡಿಕೆ ಸೀಮೆಯೂ

ಹೋದ ತಿಂಗಳು ಚನ್ನಗಿರಿಯಿಂದ ಹಳೆಯ ವಿದ್ಯಾರ್ಥಿಯೊಬ್ಬನ ಫೋನು ಬಂದಿತು. ಈಗ ಅವನು ನಾಲ್ಕು ಎಕರೆ ಅಡಿಕೆ ತೋಟದ ಯಜಮಾನ. ಎಂ.ಬಿ.ಬಿ.ಎಸ್. ಮುಗಿಸಿದ ಮಗಳು ಎಂ.ಡಿ.ಗೆ ಪೆಥಾಲಜಿಯನ್ನೇ, ಅಂದರೆ ರೋಗಶಾಸ್ತ್ರವನ್ನೇ ಓದುತ್ತೇನೆಂದು ಹಟ ಹಿಡಿದಿದ್ದಾಳಂತೆ. “ಸಾರ್, ರೋಗಿಯ ನಾಡಿ ಹಿಡಿಯದ ಡಾಕ್ಟರಿಕೆ ಯಾವ ಸೀಮೆಯದು? ಊರಿನಲ್ಲಿ ಏನೆಂದು ಹೇಳಿಕೊಳ್ಳಲಿ? ನೀವೇ ಸ್ವಲ್ಪ ಬುದ್ಧಿ ಹೇಳಿ” ಎಂದ. ಹೇಳುತ್ತೇನೆ, ಆದರೆ ಮಗಳಿಗಲ್ಲ, ಅವನಿಗೆ. ಅವನ ನೆಪದಲ್ಲಿ ನಿಮಗೆಲ್ಲರಿಗೂ.

ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿಗಳಲ್ಲಿ ವಿಜ್ಞಾನ ಪಾಠ ಮಾಡುತ್ತಲೇ ನನ್ನ ಸೇವಾವಧಿ ಕಳೆಯಿತು. “ಮುಂದೆ ಏನಾಗುವಿರಿ?” ಎಂದು ಕೇಳಿದರೆ ಪ್ರತಿ ತರಗತಿಯಲ್ಲೂ ಹತ್ತು ಕೈಗಳು ಡಾಕ್ಟರಿಕೆಗೆ ಏಳುತ್ತಿದ್ದವು. ಆ ಮಕ್ಕಳ ಕಣ್ಣ ಮುಂದಿದ್ದುದು ಸ್ಟೆತಾಸ್ಕೋಪು. ಸೂಕ್ಷ್ಮದರ್ಶಕದ ಮುಂದೆ ಕುಳಿತ ಡಾಕ್ಟರನ್ನು ನಾನೂ ಅವರಿಗೆ ಪರಿಚಯಿಸಲಿಲ್ಲ.

ಅವರ ಬೆಲೆ ನನಗೆ ತಿಳಿದದ್ದು ನಮ್ಮ ಶಾಲೆಯ ಕನ್ನಡ ಪಂಡಿತರಿಂದ. ಬಿಡುವಿನ ವೇಳೆಯಲ್ಲಿ ಒಂದೇ ಸಂಚಿಯ ಎಲೆ, ಅಡಿಕೆ, ಕಡ್ಡಿಪುಡಿಗಳನ್ನು ಹಂಚಿಕೊಂಡವರು ನಾವು. ಕೆನ್ನೆಯೊಳಗಿನ ಹುಣ್ಣನ್ನು ಅವರು ಉಷ್ಣವೆಂದು ಬಗೆದು ಮಜ್ಜಿಗೆ ಕುಡಿಯುತ್ತ ಮೂರು ತಿಂಗಳು ಕಳೆದರು. ಕೊನೆಗೆ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳುಹಿಸಿದರೆ, “ಮಾದರಿ ಕೆಟ್ಟಿದೆ, ಮತ್ತೆ ಕಳುಹಿಸಿ” ಎಂಬ ಉತ್ತರ ಬಂದಿತು. ತೆಗೆದ ಚೂರನ್ನು ಕೂಡಲೇ ಫಾರ್ಮಲಿನ್ ದ್ರಾವಣಕ್ಕೆ ಹಾಕಬೇಕು. ಯಾರೋ ಬರಿಯ ಸಲೈನ್‌ನಲ್ಲಿಟ್ಟು ಕಳುಹಿಸಿದ್ದರು. ಎರಡನೆಯ ವರದಿ ಬರುವ ಹೊತ್ತಿಗೆ ರೋಗ ಕುತ್ತಿಗೆಗೆ ಇಳಿದಿತ್ತು. ಪಂಡಿತರು ಉಳಿಯಲಿಲ್ಲ. ನಾನು ಸಂಚಿಯನ್ನು ಅಂದೇ ಬಿಟ್ಟೆ.

ಆ ಚೂರು ಮಾಂಸ ಮೇಣದ ಅಚ್ಚಿನಲ್ಲಿ ಕುಳಿತು, ಮೂರು ನಾಲ್ಕು ಮೈಕ್ರಾನ್ ದಪ್ಪದ ಪೊರೆಯಾಗಿ ಕೊಯ್ಯಿಸಿಕೊಂಡು, ನೀಲಿ-ಗುಲಾಬಿ ಬಣ್ಣ ಹೊದ್ದು ಗಾಜಿನ ಮೇಲೆ ಬರುತ್ತದೆ. ಅದನ್ನು ನೋಡಿ ‘ಹೌದು’ ಅಥವಾ ‘ಅಲ್ಲ’ ಎನ್ನುವವರು ರೋಗಶಾಸ್ತ್ರಜ್ಞರು. ಆ ಮಾತು ಬರುವವರೆಗೆ ಶಸ್ತ್ರವೈದ್ಯರೂ ಸಾಮಾನ್ಯವಾಗಿ ಕಾಯುತ್ತಾರೆ.

ಅಣುಮಟ್ಟದ ರೋಗಶಾಸ್ತ್ರ ಇನ್ನೂ ಒಂದು ಹೆಜ್ಜೆ ಒಳಗೆ ಹೋಗುತ್ತದೆ. 2020ರಲ್ಲಿ ಕೊರೊನಾ ಬಂದಾಗ ಆರ್.ಟಿ.-ಪಿ.ಸಿ.ಆರ್. ಎಂಬ ಮಾತು ನಮ್ಮ ಹಳ್ಳಿ ಹಳ್ಳಿಗೂ ತಲುಪಿತಲ್ಲ, ಅದೇ ವಿಧಾನದಿಂದ ಒಂದು ಬಗೆಯ ರಕ್ತದ ಕ್ಯಾನ್ಸರನ್ನೂ ಗುರುತಿಸುತ್ತಾರೆ. ಆ ರೋಗಿಗಳಲ್ಲಿ ಒಂದು ಅಸಹಜ ವರ್ಣತಂತು ಇರುವುದನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕಂಡರು. 9 ಮತ್ತು 22ನೆಯ ವರ್ಣತಂತುಗಳು ತುಂಡು ಬದಲಿಸಿಕೊಂಡಿವೆ ಎಂದು 1973ರಲ್ಲಿ ಜಾನೆಟ್ ರೌಲಿ ಎಂಬ ಮಹಿಳೆ ತೋರಿಸಿಕೊಟ್ಟರು. ಆ ದೋಷಕ್ಕೇ ಗುರಿಯಿಟ್ಟ ಇಮ್ಯಾಟಿನಿಬ್ ಗುಳಿಗೆ 2001ರಲ್ಲಿ ಬಂದಿತು. ಸ್ತನ ಕ್ಯಾನ್ಸರಿನಲ್ಲಿಯೂ ಹರ್-2 ಪರೀಕ್ಷೆಯ ಫಲಿತಾಂಶ ನೋಡಿಯೇ ಟ್ರಾಸ್ಟುಝುಮ್ಯಾಬ್ ಕೊಡಬೇಕೋ ಬೇಡವೋ ಎಂದು ನಿರ್ಧರಿಸುತ್ತಾರೆ. ಯಾರಿಗೆ ಯಾವ ಮದ್ದು ಹಿಡಿದೀತೆಂದು ಮೊದಲೇ ತಿಳಿದರೆ, ತೋಟ ಅಡವಿಟ್ಟು ಚಿಕಿತ್ಸೆಗೆ ಹೋಗುವ ಮನೆಗೆ ಅದು ಸಣ್ಣ ಉಪಕಾರವೇ?

ಇನ್ನು ನಮ್ಮ ಸೀಮೆಯ ಮಾತು. ತಂಬಾಕು ಬೆರೆಸದಿದ್ದರೂ ಅಡಿಕೆಯು ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೇಳಿದೆ. ಅಡಿಕೆ ಬೆಳೆಯುವುದು ಚನ್ನಗಿರಿಯ ತೋಟದಲ್ಲಿ. ಜಗಿಯುವುದು ಜಗಳೂರಿನ ಬಯಲಿನಲ್ಲೂ. ಈ ಮಾತನ್ನು ಆಡಲು ನನಗೆ ಸಂಕೋಚವಿತ್ತು. ಅಡಿಕೆ ನಿಮ್ಮ ಮನೆಗಳ ಅನ್ನ; ನಿಮ್ಮ ಶುಲ್ಕ ಕಟ್ಟಿದ್ದೂ ಅದೇ. ಅದಕ್ಕಿಂತ ದೊಡ್ಡ ನಾಚಿಕೆಯೆಂದರೆ, ಕರಿಹಲಗೆಯ ಮೇಲೆ ಜೀವಕೋಶ ವಿಭಜನೆಯ ಚಿತ್ರ ಬರೆಯುತ್ತಿದ್ದಾಗ ನನ್ನ ಕೆನ್ನೆಯಲ್ಲಿಯೇ ಕವಳವಿರುತ್ತಿತ್ತು. ತೋಟ ಕಡಿಯಿರಿ ಎನ್ನುವ ಅಧಿಕಾರ ನನಗಿಲ್ಲ. ಆದರೆ ಅಡಿಕೆ ಬೆಳೆದವರ ಮಗಳೊಬ್ಬಳು ಅಡಿಕೆ ಮಾಡಿದ ಗಾಯವನ್ನು ಓದಲು ಕಲಿಯುವುದನ್ನು ನಾನು ಋಣ ತೀರಿಸುವ ಕೆಲಸವೆಂದೇ ಎಣಿಸುತ್ತೇನೆ.

ಅವಳು ಊರಿಗೆ ಮರಳಲಿಕ್ಕಿಲ್ಲ ಎಂಬ ತಂದೆಯ ಆತಂಕ ಸುಳ್ಳಲ್ಲ. 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯೂ ಬೆಂಗಳೂರಿನಲ್ಲಿಯೇ ಇದೆ. ಆದರೆ ನಮ್ಮ ಊರಿನವರ ಕಾಯಿಲೆಯ ಚೂರುಗಳು ಹೇಗೂ ಅಲ್ಲಿಗೇ ಹೋಗುತ್ತವೆ. ಅವನ್ನು ನೋಡುವ ಕಣ್ಣು ನಮ್ಮವರದಾದರೆ ನಷ್ಟವೇನು? ವೈದ್ಯಕೀಯ ಸೀಟು ಸಿಗದ ಮಕ್ಕಳಿಗೂ ಇಲ್ಲಿ ಸ್ಥಳವಿದೆ. ಮಾದರಿಯನ್ನು ಸರಿಯಾಗಿ ಕಾಪಾಡಿ, ಕೊಯ್ದು, ಬಣ್ಣ ಕಟ್ಟುವವರು ಪ್ರಯೋಗಾಲಯದ ತಂತ್ರಜ್ಞರು. ಆ ಕೆಲಸ ಬಲ್ಲ ಒಬ್ಬರು ಅಂದು ಇದ್ದಿದ್ದರೆ ಪಂಡಿತರಿಗೆ ಕೆಲವು ವಾರಗಳಾದರೂ ಸಿಗುತ್ತಿದ್ದವು.

ಆದ್ದರಿಂದ, ಅಪ್ಪಾ, ಊರಿನಲ್ಲಿ ಯಾರಾದರೂ ಕೇಳಿದರೆ, “ನನ್ನ ಮಗಳು ಡಾಕ್ಟರುಗಳಿಗೆ ದಾರಿ ತೋರಿಸುವ ಡಾಕ್ಟರು” ಎಂದು ಹೇಳು. ಅವಳಿಗೆ ನನ್ನ ಆಶೀರ್ವಾದ ತಿಳಿಸು. ನಿನ್ನ ಬಾಯಲ್ಲಿ ಎರಡು ವಾರಕ್ಕೂ ಮಾಯದ ಹುಣ್ಣೇನಾದರೂ ಇದ್ದರೆ, ಉಷ್ಣವೆನ್ನದೆ ನಾಳೆಯೇ ಹೋಗಿ ತೋರಿಸು.