ಇಂಗ್ಲಿಷ್ ಕ್ರಿಯಾಪದದ ಪ್ರಶ್ನೆ: ಉತ್ತರಕ್ಕೊಂದು ಕಾರಣ ಇರಲಿ

ಬೋಧನಾ ಅಭ್ಯಾಸದ ಅವಧಿಯಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಪ್ರೌಢಶಾಲೆಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ನಡೆಸುವ ಇಂಗ್ಲಿಷ್ ಘಟಕ ಪರೀಕ್ಷೆಗಳನ್ನು ನಾನು ನೋಡುತ್ತ ಬಂದಿದ್ದೇನೆ. ನೀಲನಕ್ಷೆ ಅಚ್ಚುಕಟ್ಟಾಗಿರುತ್ತದೆ, ಅಂಕಗಳ ಹಂಚಿಕೆಯೂ ಸರಿಯಿರುತ್ತದೆ. ನನ್ನ ಆಕ್ಷೇಪವಿರುವುದು ಕ್ರಿಯಾಪದದ ಕಾಲ ಮತ್ತು ಕರ್ತೃವಿನೊಡನೆ ಅದರ ಹೊಂದಾಣಿಕೆಯನ್ನು ಕೇಳುವ ಪ್ರಶ್ನೆಗಳ ಬಗ್ಗೆ. ಇವುಗಳಲ್ಲಿ ಹಲವು ಮಗುವಿನ ತಿಳಿವಳಿಕೆಯನ್ನು ಅಳೆಯುವುದೇ ಇಲ್ಲ. ಕೆಲವಂತೂ ತಿಳಿದ ಮಗುವಿನ ಅಂಕವನ್ನೇ ಕಳೆಯುತ್ತವೆ.

ಒಂದು ಮಾದರಿ ನೋಡಿ: ‘ರವಿ ____ ಕ್ರಿಕೆಟ್.’ ಆಯ್ಕೆಗಳು ಪ್ಲೇ, ಪ್ಲೇಸ್, ಪ್ಲೇಡ್, ಪ್ಲೇಯಿಂಗ್. ಉತ್ತರಸೂಚಿಯಲ್ಲಿರುವುದು ‘ಪ್ಲೇಸ್’. ಆದರೆ ‘ಪ್ಲೇಡ್’ ಏಕೆ ತಪ್ಪು? ವಾಕ್ಯದಲ್ಲಿ ಅದನ್ನು ತಡೆಯುವ ಒಂದು ಪದವೂ ಇಲ್ಲ. ಇದನ್ನು ಸರಿಪಡಿಸಲು ‘ಎವ್ರಿ ಡೇ’ ಸೇರಿಸುತ್ತೇವೆ. ಆಗ ಇನ್ನೊಂದು ತೊಂದರೆ ಹುಟ್ಟುತ್ತದೆ. ‘ಎವ್ರಿ ಡೇ ಕಂಡರೆ ಎಸ್ ಹಚ್ಚು, ಯೆಸ್ಟರ್‌ಡೇ ಕಂಡರೆ ಎರಡನೆಯ ರೂಪ’ ಎಂದು ಬಾಯಿಪಾಠ ಮಾಡಿದ ಮಗು ವಾಕ್ಯವನ್ನು ಓದದೆಯೇ ಉತ್ತರ ಬರೆಯುತ್ತದೆ. ‘ಲಾಸ್ಟ್ ಇಯರ್ ಹೀ ಕೇಮ್ ಲೇಟ್ ಎವ್ರಿ ಡೇ’ ಎಂಬ ವಾಕ್ಯ ಎದುರಾದರೆ ಅದೇ ಮಗು ದಾರಿ ತಪ್ಪುತ್ತದೆ.

ಕಾಲ ಮತ್ತು ಹೊಂದಾಣಿಕೆ ಎರಡನ್ನೂ ಒಂದೇ ಬಿಟ್ಟ ಸ್ಥಳಕ್ಕೆ ತುರುಕುವುದೂ ಸರಿಯಲ್ಲ. ಉತ್ತರ ತಪ್ಪಾದಾಗ ಎಡವಿದ್ದು ಎಲ್ಲಿ ಎಂಬುದು ಶಿಕ್ಷಕರಿಗೆ ತಿಳಿಯುವುದಿಲ್ಲ. ಅದು ತಿಳಿಯದೆ ಪರಿಹಾರ ಬೋಧನೆ ಮಾಡುವುದು ಹೇಗೆ?

ಮಗುವಿಗೆ ಕಾಲ, ವಚನಗಳ ಕಲ್ಪನೆಯೇ ಇಲ್ಲ ಎಂಬಂತೆ ನಾವು ಪಾಠ ಆರಂಭಿಸುತ್ತೇವೆ. ಈ ಭಾಗದ ಮಗು ಮನೆಯಲ್ಲಿ ಆಡುವ ಮಾತನ್ನು ಕೇಳಿ. ‘ಓದತಾನ’ ಎಂದರೆ ರೂಢಿ, ‘ಓದಾಕತ್ತಾನ’ ಎಂದರೆ ಈಗ ನಡೆದಿರುವ ಕೆಲಸ. ‘ರೀಡ್ಸ್’ ಮತ್ತು ‘ಈಸ್ ರೀಡಿಂಗ್’ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಇದೇ. ‘ಒಂದು ಎತ್ತು ಐತಿ, ಎರಡು ಎತ್ತು ಅದಾವ’ ಎನ್ನುವ ಮಗುವಿಗೆ ‘ಈಸ್’, ‘ಆರ್’ಗಳ ತತ್ವ ಹೊಸದೇನಲ್ಲ. ಕನ್ನಡದ ಕ್ರಿಯಾಪದ ಪುರುಷ, ವಚನ, ಲಿಂಗ ಮೂರಕ್ಕೂ ಹೊಂದಿಕೊಳ್ಳುತ್ತದೆ. ಅದನ್ನು ತಪ್ಪಿಲ್ಲದೆ ಆಡುವ ಮಗುವಿಗೆ ಇಂಗ್ಲಿಷಿನ ಒಂದು ‘ಎಸ್’ ಹೊರೆಯಾಗಬೇಕಿಲ್ಲ.

ಹೀಗಿದ್ದರೂ ತಪ್ಪು ಆಗುವುದೇಕೆ? ಎರಡು ಭಾಷೆಗಳ ದಾರಿ ಬೇರೆಯಾಗುವ ಕಡೆಗಳಲ್ಲಿ ಆಗುತ್ತದೆ. ಅವನ್ನು ಪ್ರಶಿಕ್ಷಣಾರ್ಥಿ ಮೊದಲೇ ಗುರುತಿಸಿಕೊಳ್ಳಬೇಕು. ‘ಗುರುಗಳು ಬಂದಾರ’ ಎನ್ನುವ ಮಗು ‘ಅವರ್ ಟೀಚರ್ ಹ್ಯಾವ್ ಕಮ್’ ಎಂದು ಬರೆದರೆ ಅದು ಅಲಕ್ಷ್ಯವಲ್ಲ, ಗೌರವದ ಬಹುವಚನ. ‘ನಿನ್ನಿ ಬಂದಾನ’ ಎಂಬ ರೂಢಿಯಿಂದ ‘ಹೀ ಹ್ಯಾಸ್ ಕಮ್ ಯೆಸ್ಟರ್‌ಡೇ’ ಹುಟ್ಟುತ್ತದೆ. ‘ಎರಡು ಎತ್ತು’ ಎನ್ನುವಾಗ ನಾಮಪದಕ್ಕೆ ‘ಗಳು’ ಬೇಕಿಲ್ಲದ ಕಾರಣ ‘ಟೂ ಬುಲಕ್ ಆರ್’ ಬರುತ್ತದೆ. ಇನ್ನೊಂದು ಗೊಂದಲ ಇಂಗ್ಲಿಷಿನದೇ. ನಾಮಪದಕ್ಕೆ ಹತ್ತಿದ ‘ಎಸ್’ ಬಹುವಚನ, ಕ್ರಿಯಾಪದಕ್ಕೆ ಹತ್ತಿದ ‘ಎಸ್’ ಏಕವಚನ. ‘ಬಾಯ್ಸ್ ಪ್ಲೇಸ್’ ಎಂದು ಬರೆಯುವ ಮಗುವಿಗೆ ಬೇಕಾದದ್ದು ಈ ಒಂದು ವಿವರಣೆ. ಹತ್ತು ಸಲ ತಿದ್ದಿ ಬರೆಸುವುದರಿಂದ ಅದು ಸಿಗುವುದಿಲ್ಲ.

ಪ್ರಶ್ನೆಯ ರೂಪವೂ ಬದಲಾಗಲಿ. ಬಿಡಿ ವಾಕ್ಯಗಳ ಬದಲು ಮಗುವಿಗೆ ಪರಿಚಯವಿರುವ ವಿಷಯದ ಮೂರು ನಾಲ್ಕು ಸಾಲು ಕೊಡೋಣ. ಉದಾಹರಣೆಗೆ: ‘ರಾಣಿ ಚೆನ್ನಮ್ಮ ____ ದ ಬ್ರಿಟಿಷ್ ಇನ್ 1824. ಹರ್ ಫೋರ್ಟ್ ____ ಇನ್ ರೂಯಿನ್ಸ್ ನೌ. ಎವ್ರಿ ಅಕ್ಟೋಬರ್ ಪೀಪಲ್ ____ ಕಿತ್ತೂರು ಉತ್ಸವ.’ ಇಲ್ಲಿ ‘ಫಾಟ್’, ‘ಈಸ್’, ‘ಸೆಲೆಬ್ರೇಟ್’ ಎಂಬ ಉತ್ತರಗಳನ್ನು ಅರ್ಥವೇ ಬೇಡುತ್ತದೆ. ಯುದ್ಧ ಮುಗಿದ ಸಂಗತಿ, ಕೋಟೆ ಇಂದಿಗೂ ಹಾಳುಬಿದ್ದಿದೆ, ಉತ್ಸವ ವರ್ಷವರ್ಷದ ರೂಢಿ. ‘ಎವ್ರಿ’ ಕಂಡೊಡನೆ ಎಸ್ ಹಚ್ಚುವ ಮಗುವನ್ನು ‘ಪೀಪಲ್’ ಎಂಬ ಬಹುವಚನ ತಡೆದು ಯೋಚಿಸುವಂತೆ ಮಾಡುತ್ತದೆ. ಕಲಿಕೆಯನ್ನು ಬಾಯಿಪಾಠದಿಂದ ಬಿಡಿಸಿ ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹೇಳಿದ್ದನ್ನು ನಾವು ಪಾಠ ಯೋಜನೆಯಲ್ಲಿ ಬರೆಯುತ್ತೇವೆ. ಅದು ಪ್ರಶ್ನೆಪತ್ರಿಕೆಗೂ ಬರಲಿ.

ಇಂಗ್ಲಿಷ್ ತರಗತಿಯಲ್ಲಿ ಕನ್ನಡ, ಅದೂ ಆಡುಗನ್ನಡ ಸಲ್ಲದು ಎನ್ನುವವರಿದ್ದಾರೆ. ನಾನು ಕೇಳುತ್ತಿರುವುದು ಐದು ನಿಮಿಷ ಮಾತ್ರ. ಹೋಲಿಕೆ ಕರಿಹಲಗೆಯ ಮೇಲೆ ಬಂದ ಮೇಲೆ ಉಳಿದ ಪಾಠ ಇಂಗ್ಲಿಷಿನಲ್ಲೇ ಸಾಗಲಿ. ತರಗತಿಯಲ್ಲಿ ಮರಾಠಿ, ಉರ್ದು ಮನೆಮಾತಿನ ಮಕ್ಕಳಿದ್ದರೆ ‘ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಹೇಳುತ್ತೀರಿ?’ ಎಂದು ಅವರನ್ನೂ ಕೇಳಬೇಕು. ಎಸ್‌ಎಸ್‌ಎಲ್‌ಸಿ ಪತ್ರಿಕೆಯಲ್ಲಿ ಬಹು ಆಯ್ಕೆಯ ಪ್ರಶ್ನೆಗಳು ಬರುತ್ತವಲ್ಲ ಎಂಬ ಮಾತೂ ನಿಜ. ಕಾರಣ ತಿಳಿದು ಆರಿಸುವ ಮಗು ಅಲ್ಲಿಯೂ ಹಿಂದೆ ಬೀಳುವುದಿಲ್ಲ.

ನಮ್ಮ ಮಹಾವಿದ್ಯಾಲಯಗಳಿಗೆ ನನ್ನದೊಂದು ಸಲಹೆ ಇದೆ. ಘಟಕ ಪರೀಕ್ಷೆಯ ದಾಖಲೆಯಲ್ಲಿ ಪ್ರತಿ ವ್ಯಾಕರಣ ಪ್ರಶ್ನೆಯ ಎದುರು ಎರಡು ಕಲಂ ಇರಲಿ. ಮೊದಲನೆಯದರಲ್ಲಿ, ಉಳಿದ ಆಯ್ಕೆಗಳನ್ನು ತಪ್ಪಾಗಿಸುವ ಪದ ಅಥವಾ ಅರ್ಥ ಯಾವುದು ಎಂದು ಬರೆಯಬೇಕು. ಎರಡನೆಯದರಲ್ಲಿ, ಮಗು ಈ ತಪ್ಪು ಉತ್ತರವನ್ನು ಆರಿಸಿದರೆ ಏಕೆ ಆರಿಸಿರಬಹುದು ಎಂದು ಬರೆಯಬೇಕು. ಮೊದಲ ಕಲಂ ತುಂಬಲು ಆಗದ ಪ್ರಶ್ನೆಯನ್ನು ಕೈಬಿಡಬೇಕು. ಎರಡನೆಯದನ್ನು ತುಂಬಬಲ್ಲ ಪ್ರಶಿಕ್ಷಣಾರ್ಥಿಯ ಕೈಯಲ್ಲಿ ಮರುದಿನದ ಪರಿಹಾರ ಬೋಧನೆಯ ಪಾಠವೂ ಸಿದ್ಧವಾಗಿರುತ್ತದೆ.